ಪ್ರೈಮರ್ ಹೊಡೆದ ಬ್ರೇಕ್ ಪೆಡಲ್

ಆ ಬೀದಿಯಲ್ಲಿ ಅವನ ನಿಜವಾದ ಹೆಸರು ಹಿಡಿದು ಕೇಳಿದರೆ ಯಾರೂ ಮನೆ ತೋರಿಸುವುದಿಲ್ಲ. ಗೆರೆಯಣ್ಣ ಅನ್ನಿ, ಚಿಕ್ಕ ಮಕ್ಕಳೂ ಬಾಗಿಲವರೆಗೆ ಕರೆದುಕೊಂಡು ಬಂದು ಬಿಡುತ್ತವೆ. ಬೈಕಿನ ಪೆಟ್ರೋಲ್ ಟ್ಯಾಂಕಿಗೆ ಬಣ್ಣ ಹೊಡೆದು, ಅದರ ಮೇಲೆ ಚಿನ್ನದ ಬಣ್ಣದ ತೆಳು ಗೆರೆ ಎಳೆಯುವುದು ಅವನ ಕಸುಬು. ಸ್ಕೇಲಿಲ್ಲ, ಟೇಪಿಲ್ಲ, ಉಸಿರು ಬಿಗಿಹಿಡಿದು ಒಂದೇ ಎಳೆತ. ಮೂವತ್ತೊಂದು ವರ್ಷ ಹಾಗೆ ಎಳೆದ. ಗೆರೆ ಡೊಂಕಾಗಿದ್ದನ್ನು ಕಂಡವರಿಲ್ಲ.

ಆಮೇಲೆ ಅವನ ಕೈಯೇ ಅವನಿಗೆ ಕೈಕೊಟ್ಟಿತು. ಮೊದಲು ಟೀ ಲೋಟ ನಡುಗಿತು, ಆಮೇಲೆ ಬ್ರಷ್ಷು. ಡಾಕ್ಟರು ನೋಡಿ, "ಪ್ರಾಣಕ್ಕೇನೂ ಅಪಾಯ ಇಲ್ಲ, ಆದ್ರೆ ನಡುಕ ಪೂರ್ತಿ ಹೋಗೋದೂ ಇಲ್ಲ" ಅಂದರು. ಬರೀ ಪ್ರಾಣ ಇಟ್ಟುಕೊಂಡು ಏನು ಮಾಡಲಿ ಅಂತ ಗೆರೆಯಣ್ಣ ಡಾಕ್ಟರನ್ನು ಕೇಳಲಿಲ್ಲ, ಮನೆಗೆ ಬಂದು ಹೆಂಡತಿಯನ್ನು ಕೇಳಿದ. ಹೊರಗಿನವರಿಗೆ ಬೇರೆ ಕಥೆ. ಮೂಲೆ ಗ್ಯಾರೇಜಿನ ಮೆಕ್ಯಾನಿಕ್ ಟ್ಯಾಂಕು ಹಿಡಿದು ಬಂದಾಗಲೆಲ್ಲ "ಸೊಂಟ ನೋವು ಕಣಪ್ಪ", "ಕಣ್ಣು ಮಂಜು ಮಂಜು", "ಸಾಕಪ್ಪ, ಇನ್ನೆಷ್ಟು ದಿನ ದುಡಿಯೋದು" ಅಂತ ಬಾಯಿಗೆ ಬಂದ ನೆಪ ಹೇಳಿ ಸಾಗಹಾಕಿದ. ಕೈ ನಡುಗುತ್ತದೆ ಅನ್ನುವ ಮಾತೊಂದು ಮಾತ್ರ ಆ ಬಾಯಿಂದ ಹೊರಡಲಿಲ್ಲ. ಒಂದೂವರೆ ವರ್ಷ ಷೆಡ್ಡಿಗೂ ಬೀಗ, ಮನುಷ್ಯನಿಗೂ ಬೀಗ. ಮತ್ತೆ ಕೆಲಸಕ್ಕೆ ಕೈ ಹಾಕದಿದ್ದರೆ ಹೀಗೇ ಕೂತು ಕೂತು ಮುಗಿದೇಹೋಗುತ್ತಾರೆ ಅಂತ ಹೆಂಡತಿಗೆ ಭಯ. ಸುಳ್ಳು ಭಯವಲ್ಲ ಬಿಡಿ, ಕಣ್ಣೆದುರಿಗೇ ಆಗುತ್ತಿತ್ತು.

ಅಂಥ ಮನೆಗೆ ಒಂದು ಭಾನುವಾರ ಅವನ ಅಕ್ಕನ ಮಗಳು ಬಂದಳು. ಆಸ್ಪತ್ರೆಯಲ್ಲಿ ನರ್ಸು, ಬಾಯಿ ಜೋರು, ಅಪ್ಪನ ಹಳೇ ಬೈಕನ್ನು ಬಿಚ್ಚಿ ಹರಡಿಕೊಂಡು ತಾನೇ ಹೊಸದು ಮಾಡುತ್ತೇನೆಂದು ಹೊರಟವಳು. ಒಂದು ಕೈಯಲ್ಲಿ ತುಕ್ಕು ಹಿಡಿದ ಬ್ರೇಕ್ ಪೆಡಲ್, ಇನ್ನೊಂದರಲ್ಲಿ ಡ್ರಿಲ್ಲಿಂಗ್ ಮಷೀನಿನಂಥದ್ದೊಂದು ಗನ್ನು.

"ಮಾವ, ಇದಕ್ಕೆ ಪೌಡರ್ ಕೋಟಿಂಗ್ ಮಾಡೋಣ."

"ಪೌಡರ್ ಮುಖಕ್ಕೆ ಹಚ್ಕೊಳ್ಳೋದು ಕಣೇ, ಬೈಕಿಗಲ್ಲ."

ಅವಳು ಬಿಡುವ ಪೈಕಿಯೇ? ಕೂರಿಸಿಕೊಂಡು ವಿವರಿಸಿದಳು. ಇದರಲ್ಲಿ ಬಣ್ಣ ಅಂದರೆ ಒಣ ಪುಡಿ. ಗನ್ನಿನ ವೈರಿನ ಕ್ಲಿಪ್ಪನ್ನು ಕಬ್ಬಿಣ ನೇತುಹಾಕಿದ ಕೊಕ್ಕೆಗೆ ಸಿಕ್ಕಿಸಿದರೆ, ಕರೆಂಟಿನ ಸೆಳೆತಕ್ಕೆ ಪುಡಿ ತಾನಾಗಿಯೇ ಹೋಗಿ ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಓವನ್‌ನಲ್ಲಿಟ್ಟು ಕಾಯಿಸಿದರೆ ಕರಗಿ, ಗಟ್ಟಿಯಾಗಿ ಕೂರುತ್ತದೆ.

"ಓವನ್ನಾ?" ಅತ್ತೆಯ ಕಿವಿ ನೆಟ್ಟಗಾಯಿತು.

"ಹೂಂ ಅತ್ತೆ. ಆದ್ರೆ ಒಂದ್ಸಲ ಇದನ್ನ ಬೇಯ್ಸಿದ್ರೆ ಮತ್ತೆ ಅದ್ರಲ್ಲಿ ತಿನ್ನೋದು ಮಾಡೋ ಹಾಗಿಲ್ಲ."

ಅತ್ತೆ ಗಂಡನ ಮುಖವನ್ನೊಮ್ಮೆ ನೋಡಿದಳು. ಅವನ ಕಣ್ಣು ಆಗಲೇ ಗನ್ನಿನ ಮೇಲಿತ್ತು. "ತಗೊಂಡ್ಹೋಗು. ನಾನು ಮಾಡೋ ಕೇಕು ಕಬ್ಬಿಣಕ್ಕಿಂತ ಗಟ್ಟಿ ಅಂತ ನಿಮ್ಮಾವ ಹೇಳ್ತಾನೇ ಇರ್ತಾರೆ" ಅಂದು ಅಡುಗೆಮನೆಯಿಂದ ಷೆಡ್ಡಿಗೆ ಓವನ್ ಹೊರಲು ತಾನೇ ಕೈಜೋಡಿಸಿದಳು.

"ಬುಧವಾರ ನಂಗೆ ರಜ. ಅಷ್ಟರೊಳಗೆ ಪೆಡಲ್ ಉಜ್ಜಿ ಕ್ಲೀನ್ ಮಾಡಿಡಿ" ಅಂದು ಹುಡುಗಿ ಹೋದಳು. ಗೆರೆಯಣ್ಣ ಎರಡು ದಿನ ಉಜ್ಜಿದ. ಉಜ್ಜುವುದಕ್ಕೆ ನಡುಕವೇನೂ ಅಡ್ಡಿಯಲ್ಲವಲ್ಲ, ಪೆಡಲ್ ಫಳಫಳ ಹೊಳೆಯಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಬಣ್ಣಕ್ಕೆ ಮೊದಲು ಹೊಡೆಯುವ ಪ್ರೈಮರ್ ಇಲ್ಲದೆ ಬರೀ ಕಬ್ಬಿಣಕ್ಕೆ ಬಣ್ಣ ಹೊಡೆಯುವುದೆಂದರೆ ಅವನಿಗೆ ಮೈಯೆಲ್ಲ ಮುಳ್ಳು. ಯಾರಿಗೂ ಹೇಳದೆ, ಹಳೇ ಸ್ಪ್ರೇ ಡಬ್ಬಿ ಹುಡುಕಿ, ಕೊಕ್ಕೆ ಸಿಕ್ಕಿಸುವ ತೂತಿನ ಒಳಗೂ ಬಿಡದ ಹಾಗೆ ಪ್ರೈಮರ್ ಹೊಡೆದು ಒಣಗಿಸಿಟ್ಟ.

ಬುಧವಾರ ಮಾಸ್ಕು ಹಾಕಿಕೊಂಡು ಮೂವರೂ ಷೆಡ್ಡಿನಲ್ಲಿ ನಿಂತರು. ಕೊಕ್ಕೆಗೆ ಪೆಡಲ್, ಕೊಕ್ಕೆಗೇ ಕ್ಲಿಪ್ಪು. "ಮಾವ, ನೀವೇ ಹಿಡೀರಿ." ಗೆರೆಯಣ್ಣ ಗನ್ನು ಎತ್ತಿದ. ಕಡುನೀಲಿ ಪುಡಿ ಹೊಗೆಯ ಹಾಗೆ ಹೊರಟಿತು, ಪೆಡಲ್ಲನ್ನು ಸವರಿತು, ಹಾಗೇ ಜಾರಿ ಕೆಳಗೆ ಹಾಸಿದ್ದ ಪೇಪರಿನ ಮೇಲೆ ಬಿತ್ತು. ಇನ್ನೊಮ್ಮೆ ಹೊಡೆದ. ಮತ್ತೂ ಬಿತ್ತು. ಅವನ ಕೈ ಇನ್ನಷ್ಟು ನಡುಗಿತು.

"ನೋಡಿದ್ಯಾ? ನನ್ ಕೈ ಸರಿ ಇಲ್ಲ ಅಂತ ಪುಡೀಗೂ ಗೊತ್ತಾಯ್ತು" ಅಂದು ಗನ್ನು ಕೆಳಗಿಟ್ಟು ಸ್ಟೂಲಿನ ಮೇಲೆ ಕುಸಿದ. ಹೆಂಡತಿಗೆ ಗೊತ್ತು, ಈ ಸಲ ಕೂತರೆ ಮತ್ತೆ ಏಳುವ ಮನುಷ್ಯನಲ್ಲ ಅವನು.

ಹುಡುಗಿ ತಾನೇ ಗನ್ನು ಹಿಡಿದಳು. ಸೂಜಿ ಚುಚ್ಚಿ ಪಳಗಿದ ಕೈ, ಕೂದಲೆಳೆಯಷ್ಟೂ ಅಲುಗಲಿಲ್ಲ. ಆದರೂ ಪುಡಿ ಬಿದ್ದೇ ಬಿತ್ತು. ಅನುಮಾನ ಬಂದು ಪೆಡಲ್ಲನ್ನು ಉಗುರಿನಿಂದ ಕೆರೆದಳು.

"ಮಾವ, ಏನಿದು ಬೂದು ಬಣ್ಣ?"

"ಪ್ರೈಮರ್ರು."

"ಪ್ರೈಮರ್ ಹೊಡೆದ್ರಾ!"

"ಮತ್ತಿನ್ನೇನು? ಬರೀ ಮೈಗೆ ಬಣ್ಣ ಹೊಡಿಯೋಕೆ ನಾನೇನು ನಿನ್ನೆ ಮೊನ್ನೆ ಈ ಕಸುಬಿಗೆ ಬಂದವನಾ?"

ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಮಾವ! ಕೊಕ್ಕೆ ಕಬ್ಬಿಣಕ್ಕೆ ತಾಗಿದ್ರೆ ತಾನೇ ಪುಡಿ ಹಿಡಿಯೋದು? ನಡುವೆ ನೀವು ಗೋಡೆ ಕಟ್ಟಿಬಿಟ್ಟಿದ್ದೀರಿ. ತಪ್ಪು ನಿಮ್ಮ ಕೈಯದಲ್ಲ, ನಿಮ್ಮ ಅತಿಬುದ್ಧಿದು!"

ಬೈಸಿಕೊಂಡು ಅಷ್ಟು ಖುಷಿಪಟ್ಟ ಮನುಷ್ಯನನ್ನು ನೀವು ನೋಡಿರಲಿಕ್ಕಿಲ್ಲ. ಊಟವನ್ನೂ ಮರೆತು ಪ್ರೈಮರನ್ನೆಲ್ಲ ಕೆರೆದು, ತೊಳೆದು, ಒರೆಸಿ, ಮತ್ತೆ ನೇತುಹಾಕಿದ. ಗನ್ನು ಎತ್ತಿದ. ಕೈ ನಡುಗುತ್ತಲೇ ಇತ್ತು, ಗನ್ನಿನ ಮೂತಿ ಮೇಲೆ ಕೆಳಗೆ ಕುಣಿಯುತ್ತಲೇ ಇತ್ತು. ಪುಡಿ ಮಾತ್ರ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳದೆ ನೆಟ್ಟಗೆ ಹೋಗಿ ಕಬ್ಬಿಣವನ್ನು ತಬ್ಬಿತು.

"ಏಯ್, ಹಿಂದ್ಗಡೆಗೂ ಹೋಯ್ತಲ್ಲೇ! ನಾನು ಅತ್ಲಾಗೆ ಹೊಡೆದೇ ಇಲ್ಲ!"

ಓವನ್ನಿನ ಗಾಜಿಗೆ ಕಣ್ಣಿಟ್ಟು ಹೊತ್ತು ಲೆಕ್ಕ ಹಾಕಿದವಳು ಹೆಂಡತಿ. ಪೆಡಲ್ ಪೂರ್ತಿ ಕಾದ ಮೇಲೆ ಇಪ್ಪತ್ತು ನಿಮಿಷ, ಒಂದು ನಿಮಿಷ ಆಚೆ ಈಚೆ ಇಲ್ಲ. ಆರಿದ ಮೇಲೆ ಗೆರೆಯಣ್ಣ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ಎಲ್ಲೂ ಉಬ್ಬಿಲ್ಲ, ತಗ್ಗಿಲ್ಲ, ನಡುಕದ ಒಂದು ಗುರುತಿಲ್ಲ. ಅವನು ಅತ್ತ. ಹೆಂಡತಿ ಮತ್ತು ಅಕ್ಕನ ಮಗಳ ಮುಂದೆ, ನಾಚಿಕೆ ಬಿಟ್ಟು ಅತ್ತ.

ಎರಡು ವಾರದಲ್ಲಿ ಆ ಬೈಕು ರಸ್ತೆಗಿಳಿಯಿತು. ಅದು ಗ್ಯಾರೇಜಿನ ಮುಂದೆ ಹಾದ ಮಾರನೇ ಬೆಳಗ್ಗೆಯೇ ಮೆಕ್ಯಾನಿಕ್ ಎರಡು ಫುಟ್‌ರೆಸ್ಟ್ ಹಿಡಿದು ಷೆಡ್ಡಿಗೆ ಬಂದ.

"ಗೆರೆಯಣ್ಣ, ಆ ನೀಲಿ ಕೆಲ್ಸ ನಿಂದೇ ಅಂತೆ! ಸೊಂಟ ನೋವು ಹೋಯ್ತಾ?"

ಬಾಗಿಲಲ್ಲಿದ್ದ ಹೆಂಡತಿ, ಇನ್ನೊಂದು ನೆಪ ಬರುತ್ತದೆ ಅಂದುಕೊಂಡಳು.

"ಸೊಂಟಕ್ಕೇನೂ ಆಗಿಲ್ಲ ಕಣಪ್ಪ. ಕಣ್ಣಿಗೂ ಏನಾಗಿಲ್ಲ. ಕೈ ನಡುಗುತ್ತೆ, ನೋಡು." ಗೆರೆಯಣ್ಣ ಬಲಗೈ ಮುಂದೆ ಚಾಚಿದ. ಅದು ನಡುಗುತ್ತಲೇ ಇತ್ತು. "ಗೆರೆ ಎಳೆಯೋಕೆ ಇನ್ನಾಗಲ್ಲ. ಈ ಕೆಲ್ಸ ಆಗುತ್ತೆ. ಗುರುವಾರ ಬಾ, ಮಾಡಿಟ್ಟಿರ್ತೀನಿ."

ಮೆಕ್ಯಾನಿಕ್ ಆ ಕೈಯನ್ನು ನೋಡಿದ. ಆಮೇಲೆ ಫುಟ್‌ರೆಸ್ಟ್ ಎರಡನ್ನೂ ಅದರ ಮೇಲೆಯೇ ಇಟ್ಟು, "ಗುರುವಾರ ಆಗಲ್ಲ, ಬುಧವಾರಕ್ಕೇ ಬೇಕು" ಅಂದ.