ಮಾಸ್ತರು ಲಗೂ ಏಳದಂಥ ಆಟ

ಬೈರಿದೇವರಕೊಪ್ಪದ ಒಂದೇ ಖೋಲಿಯ ಬಾಡಿಗೆ ಮನೆಯಲ್ಲಿದ್ದಾಗ ನನಗೆ ಬೇಕಾಗಿದ್ದದ್ದು ಒಂದೇ: ಐತವಾರ ಮಧ್ಯಾಹ್ನ ಮಾಸ್ತರು ಇನ್ನೊಂದು ತಾಸು ಕೂಡ್ರಬೇಕು. ಅದಕ್ಕಾಗಿ ನಾನು ಪಟ್ಟ ಪಾಡು ಕೇಳಿದರೆ ನಗುತ್ತೀರಿ. ನಗಿರಿ, ನನ್ನದೇನೂ ಅಡ್ಡಿಯಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಗೋಕುಲ ರಸ್ತೆಯ ಕಾರ್ಖಾನೆಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಆರು ದಿನ ನಟ್ಟು, ಬೋಲ್ಟು, ಗ್ರೀಸಿನ ಡಬ್ಬಿ. ಏಳನೆಯ ದಿನ ಎದುರಿಗೆ ಗೋಡೆ. ಅದೇ ರಸ್ತೆಯ ಆಟಿಕೆ ಅಂಗಡಿಯಲ್ಲಿ ಡ್ರ್ಯಾಗನ್, ಮಂತ್ರವಾದಿಗಳ ಚಿತ್ರವಿದ್ದ ಕಾರ್ಡಿನ ಪಾಕೀಟುಗಳು ಧೂಳು ತಿನ್ನುತ್ತ ಬಿದ್ದಿದ್ದವು. ಕೊಳ್ಳುತ್ತಿದ್ದವರು ಇಬ್ಬರೇ, ನಾನು ಮತ್ತು ಮುಗದ ಎಂಬ ಹಳ್ಳಿಯ ಸಾಲಿ ಮಾಸ್ತರು. ಅಂಗಡಿಯವನೇ ನಮ್ಮಿಬ್ಬರನ್ನು ಗಂಟು ಹಾಕಿದ. "ನಿಮ್ಮಂಥಾವ್ರು ಇನ್ನೊಬ್ರು ಅದಾರ್ರಿ" ಎಂದ, ಯಾವುದೋ ರೋಗದ ಸುದ್ದಿ ಹೇಳಿದಂತೆ.

ಮಾಸ್ತರು ನನಗಿಂತ ದೊಡ್ಡವರು, ಗಟ್ಟಿ ದನಿಯವರು. ಐತವಾರ ಹುಬ್ಬಳ್ಳಿಗೆ ಬಂದು, ಪ್ಯಾಟಿ ಕೆಲಸ ಮುಗಿಸಿ, ಸುಡುಸುಡು ಬಿಸಿಲಲ್ಲಿ ನನ್ನ ಖೋಲಿಗೆ ಬರುತ್ತಿದ್ದರು. ನಾನು ಓಣಿಯ ಖಾನಾವಳಿಯ ಡಬ್ಬಿಯನ್ನು ಹೊತ್ತಿಗೆ ಮೊದಲೇ ತಂದು, ಉಂಡು, ತಾಟು ತೊಳೆದಿಟ್ಟು ಕಾಯುತ್ತಿದ್ದೆ. ಬಾಗಿಲಲ್ಲೇ "ಊಟಾ ಆತೇನ್ರಿ ಮಾಸ್ತರ?" ಅನ್ನುತ್ತಿದ್ದೆ. "ಆತ್ರಿ, ಆತ್ರಿ" ಅನ್ನುತ್ತಿದ್ದರು. ಕೂತು ಕಾರ್ಡು ಕಲೆಸುತ್ತಿದ್ದೆವು.

ಇಸ್ಪೀಟಿನ ಹಾಗೆ ಇದರಲ್ಲಿ ಒಂದೇ ಕಟ್ಟನ್ನು ಹಂಚಿಕೊಳ್ಳುವುದಿಲ್ಲ. ಅವರವರ ಕಟ್ಟನ್ನು, ಅಂದರೆ ಡೆಕ್ಕನ್ನು, ಅವರವರೇ ಆರಿಸಿ ಜೋಡಿಸಿಕೊಂಡು ಬರಬೇಕು. ಎದುರಿನವನ ಪ್ರಾಣದ ಅಂಕಗಳನ್ನು ಸೊನ್ನೆಗಿಳಿಸಿದವನು ಗೆದ್ದ. ಮಾಸ್ತರದು ಬರೀ ಬೆಂಕಿ ಮತ್ತು ಡ್ರ್ಯಾಗನ್. ನನ್ನದು ಚಿತ್ರ ಚಂದ ಇದೆಯೆಂದು ಆರಿಸಿದ ಕಾರ್ಡುಗಳು. ಚಹಾ ಆರುವುದರೊಳಗೆ ನಾನು ಸತ್ತಿರುತ್ತಿದ್ದೆ. ಹೀಗೆ ಎರಡು ಮೂರು ಸಲ ನನ್ನನ್ನು ಕೊಂದು, "ಬರ್ತೇನ್ರಿ ಸಾಹೇಬ್ರ" ಎಂದು ಅವಸರದಲ್ಲಿ ಚಪ್ಪಲಿ ಮೆಟ್ಟುತ್ತಿದ್ದರು. ಸೋತದ್ದಕ್ಕೆ ನನಗೆ ಬೇಜಾರಿರಲಿಲ್ಲ. ಅವರು ಹೋದಮೇಲೆ ಆ ಸಣ್ಣ ಖೋಲಿಯಲ್ಲಿ ಒಬ್ಬನೇ ಕೂತಾಗ, ಮೂವತ್ತು ದಾಟಿದ ಗಂಡಸಾದ ನನಗೆ ಅಳು ಬರುತ್ತಿತ್ತು.

ಆಟ ಬೇಗ ಮುಗಿಯುತ್ತದೆ, ಅದಕ್ಕೇ ಏಳುತ್ತಾರೆ ಎಂದು ನನ್ನ ಲೆಕ್ಕ. ಇಂಟರ್‌ನೆಟ್ ಸೆಂಟರಿನಲ್ಲಿ ಓದುತ್ತ ಓದುತ್ತ ಕಂಟ್ರೋಲ್ ಡೆಕ್ ಎನ್ನುವುದು ಕಣ್ಣಿಗೆ ಬಿತ್ತು. ಇದು ಹೊಡೆಯುವ ಡೆಕ್ ಅಲ್ಲ, ತಡೆಯುವ ಡೆಕ್. ಎದುರಿನವನು ಏನು ಹಾಕಿದರೂ ಒಂದೊಂದಾಗಿ ರದ್ದು ಮಾಡುತ್ತ, ಅವನನ್ನು ದಣಿಸಿ, ಕಟ್ಟಕಡೆಗೆ ಒಂದೇ ದೊಡ್ಡ ಪ್ರಾಣಿಯನ್ನು ಇಳಿಸಿ ಮುಗಿಸುವುದು. ಅಲ್ಲಿ ಬರೆದವರೆಲ್ಲ ಇದನ್ನು ಬೈದಿದ್ದರು, ಆಟ ಮುಗಿಯುವುದೇ ಇಲ್ಲ ಎಂದು. ನನಗೆ ಬೇಕಾದದ್ದೂ ಅದೇ.

ವಾರವಿಡೀ ಕೆಲಸದಿಂದ ಬಂದು ಮಂಚದ ಮೇಲೆ ಕಾರ್ಡು ಹರವುತ್ತಿದ್ದೆ. ನನ್ನ ಚಂದದ ಚಿತ್ರಗಳನ್ನೆಲ್ಲ ಮನಸ್ಸು ಗಟ್ಟಿ ಮಾಡಿಕೊಂಡು ತೆಗೆದೆ. ಹೊಡೆತ ತಡೆಯುವ ಗೋಡೆಯ ಕಾರ್ಡುಗಳನ್ನು ಸೇರಿಸಿದೆ, ರದ್ದು ಮಾಡುವ ಮಂತ್ರಗಳನ್ನು ಸೇರಿಸಿದೆ. ಮಂತ್ರ ಹೆಚ್ಚಾದರೆ ಕೈಯಲ್ಲಿ ಕೊಳೆಯುತ್ತವೆ, ಕಡಿಮೆಯಾದರೆ ಡ್ರ್ಯಾಗನ್ ಒಳಗೆ ಬರುತ್ತದೆ. ಸಿಗದ ಕಾರ್ಡುಗಳನ್ನು ಹಳೆಯ ಲಗ್ನಪತ್ರಿಕೆ ಕತ್ತರಿಸಿ, ಪೆನ್ನಿನಲ್ಲಿ ಬರೆದು ಮಾಡಿಕೊಂಡೆ. ಊರವರ ಲಗ್ನಪತ್ರಿಕೆಗಳಿಗೆ ನನ್ನಲ್ಲೇನು ಬರವೇ? ಅರಿಷಿಣ ಹಚ್ಚಿದ ಮೂಲೆಗಳನ್ನು ಮಾತ್ರ ಕತ್ತರಿಸಿ ಬಿಟ್ಟೆ, ಮಾಸ್ತರು ಗುರುತು ಹಿಡಿಯಬಾರದೆಂದು. ಒಬ್ಬನೇ ಆಡಿ ನೋಡೋಣವೆಂದರೆ ಆಗಲಿಲ್ಲ. ಎದುರಿಗೆ ಯಾರಾದರೂ ಏನಾದರೂ ಮಾಡಿದರೆ ತಾನೇ ಬೇಡ ಅನ್ನುವುದು?

ಐತವಾರ ಮಾಸ್ತರು ಬಂದರು. ಊಟ ಆತೇನ್ರಿ, ಆತ್ರಿ. ಆಟ ಶುರುವಾಯಿತು. ಮೊದಲ ಡ್ರ್ಯಾಗನ್ ರದ್ದು. ಎರಡನೆಯದು ಗೋಡೆಗೆ ತಾಗಿ ಸತ್ತಿತು. ಕಿಟಕಿಯ ಬಿಸಿಲು ಮಂಚ ದಾಟಿತು, ಚಹಾ ಎರಡು ಸಲ ಆಯಿತು, ಆಟ ಮುಗಿಯಲಿಲ್ಲ. ಮಾಸ್ತರ ಗಟ್ಟಿ ದನಿ ಇಳಿಯಿತು. ಮೇಲಿಂದ ಮೇಲೆ ನೀರು ಕುಡಿದರು. "ಎಂಥಾ ಆಟ ಕಲ್ತ್ರಿ ಸಾಹೇಬ್ರ, ಏಳಾಕ ಬಿಡವಲ್ರಿ" ಎಂದರು. ನಾನು ಖುಷಿಯಿಂದ ಉಬ್ಬಿದೆ. ಆಟ ಅರ್ಧಕ್ಕೆ ಬಿಟ್ಟು ಏಳುವುದು ಅವರ ಜಾಯಮಾನವಲ್ಲ. ಮಳೆಗಾಲ ಮುಗಿಯುವ ತನಕ ಐತವಾರಗಳು ಹೀಗೇ ನಡೆದವು. ಆಮೇಲೆ ಅವರಿಗೆ ಬೀದರ ಕಡೆ ವರ್ಗವಾಯಿತು. ಬಾಗಿಲಲ್ಲಿ ಕೈ ಮುಗಿದು ಹೋದರು.

ಕಾಯುವ ಕೆಲಸವೇ ಇಲ್ಲದ ಮೇಲೆ ಐತವಾರ ಡಬ್ಬಿ ತರುವುದನ್ನು ಬಿಟ್ಟು ಖಾನಾವಳಿಯಲ್ಲೇ ಉಣ್ಣತೊಡಗಿದೆ. ಒಂದು ದಿನ ರೊಟ್ಟಿ ಬಡಿಸುತ್ತ ಖಾನಾವಳಿಯ ಅಕ್ಕ ಕೇಳಿದರು: "ತಮ್ಮಾ, ಕಾರ್ಡಿನ ಡಬ್ಬಿ ಹಿಡ್ಕೊಂಡು ಬರೂ ಮಾಸ್ತರು ಈಗ ಬರೂದಿಲ್ಲೇನು?"

"ವರ್ಗ ಆತ್ರಿ ಅಕ್ಕಾ. ಇಲ್ಲಿಗೂ ಬರ್ತಿದ್ರೇನು?"

"ನಿನ್ನ ಖೋಲಿಯಿಂದ ಸೀದಾ ಇಲ್ಲೇ ಬರ್ತಿದ್ರಲ್ಲ. ಹಸದು ಮಾರಿ ಬಾಡಿರ್ತಿತ್ತು. ಕಡೀಕಡೀಕ ಭಾಳ ತಡಾ ಮಾಡಾಕತ್ತಿದ್ರು, ರೊಟ್ಟಿ ಮುಗದಿರ್ತಿದ್ವು. ಮಜ್ಜಿಗಿ ಕುಡದು ಹೋಗ್ತಿದ್ರು ಪಾಪ. ಯಾಕ, ನೀ ಉಣ್ಣಾಕ ಕೇಳ್ತಿದ್ದಿಲ್ಲೇನು?"

"ಕೇಳ್ತಿದ್ದೆ. ಆತಂತಿದ್ರು."

"ಎಷ್ಟ ಸರ್ತಿ ಕೇಳ್ತಿದ್ದಿ?"

"ಒಂದ ಸರ್ತಿ."

ಅಕ್ಕ ನನ್ನನ್ನು ಕೇಳದೆಯೇ ಇನ್ನೊಂದು ರೊಟ್ಟಿ ತಂದು ತಾಟಿಗೆ ಹಾಕಿ ಹೋದರು.

ಮೊದಲ ಮಾತಿಗೇ "ಇಲ್ರಿ, ಉಂಡಿಲ್ಲ" ಅನ್ನುವವನು ನಮ್ಮ ಕಡೆ ಹುಟ್ಟಿಲ್ಲ. ಎರಡನೆಯ ಸಲ "ಬ್ಯಾಡ್ರಿ" ಅನ್ನಬೇಕು, ಮೂರನೆಯದಕ್ಕೆ ಕೈ ತೊಳೆಯಲು ಏಳಬೇಕು. ಇದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ, ನಾನೂ ಇದೇ ನೀರು ಕುಡಿದವನು. ಆದರೆ ಕಾರ್ಡಿನ ಮೇಲೆ ಬರೆದದ್ದೇ ಖರೇ ಅನ್ನುವ ಆಟ ಆಡಿ ಆಡಿ, ಮಾಸ್ತರ "ಆತ್ರಿ"ಯನ್ನೂ ಹಾಗೇ ಓದಿದ್ದೆ. ಅವರು ಅವಸರ ಮಾಡುತ್ತಿದ್ದದ್ದು ಹಸಿವೆಗೆ. ಎರಡು ರೊಟ್ಟಿ ಹೆಚ್ಚಿಗೆ ತಂದಿಟ್ಟಿದ್ದರೆ ಹೊತ್ತು ಮುಳುಗುವ ತನಕ ಕೂಡ್ರುತ್ತಿದ್ದರು, ನನ್ನ ಹಳೆಯ ಡೆಕ್ಕಿನ ಎದುರಿಗೇ.

ಈಗ ಯಾರು ಮನೆಗೆ ಬಂದರೂ ಊಟ ಆತೇನೆಂದು ಕೇಳುವುದಿಲ್ಲ, ಮೊದಲು ತಾಟು ಇಡುತ್ತೇನೆ. ಬರುವವರೇ ಕಡಿಮೆ.