ಈಜು ಬಾರದ ಕಾವಲುಗಾರ

ನನ್ನ ಗಂಡನಿಗೆ ಈಜು ಬರುವುದಿಲ್ಲ. ಇದು ನನಗೆ ಗೊತ್ತು, ಅವರಿಗೂ ಗೊತ್ತು. ಕೆರೆಯ ದಡದಲ್ಲಿ ಸೇರುವ ಚಳಿಗಾಲದ ಈಜುಗಾರರ ಬಳಗಕ್ಕೆ ಮಾತ್ರ ಮೂರು ವರ್ಷದಿಂದ ಗೊತ್ತಿಲ್ಲ. ಅವರ ಲೆಕ್ಕದಲ್ಲಿ ಈ ಮನುಷ್ಯ ಹುಟ್ಟಾ ಮೀನು.

ಅದು ಹೇಗೆ ಅಂತೀರಾ? ದಡದ ಮೇಲೆ ಸೌದೆ ಉರಿಸಿ ಕಾಯಿಸುವ ದೊಡ್ಡ ಮರದ ತೊಟ್ಟಿಯಿದೆ. ಏಳೆಂಟು ಜನ ಕುತ್ತಿಗೆಯವರೆಗೆ ಬಿಸಿನೀರಿನಲ್ಲಿ ಮುಳುಗಿ ಕೂರಬಹುದು. ಆದರೆ ಕೆರೆಯ ತಣ್ಣೀರಿನಲ್ಲಿ ತಲೆ ನೆನೆಸದವರು ತೊಟ್ಟಿಗೆ ಕಾಲಿಡುವಂತಿಲ್ಲ, ಅದು ಬಳಗದ ಕಟ್ಟಳೆ. ಬೆಳಗಿನ ಮಂಜಿನಲ್ಲಿ ಎಲ್ಲರೂ ನೀರಿಗಿಳಿದು, ನಡುವೆ ತೇಲುವ ಕೆಂಪು ಡ್ರಮ್ಮನ್ನು ಮುಟ್ಟಿ ವಾಪಸ್ ಬರುತ್ತಾರೆ. ಇವರು ಕೊನೆಯ ಮೆಟ್ಟಿಲ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಮೂಗು ಹಿಡಿದು ಒಂದು ಮುಳುಗು ಹಾಕಿ ಎದ್ದುಬಿಡುತ್ತಾರೆ. ಮೊದಲನೆಯವನು ಮಂಜಿನಿಂದ ಹೊರಬರುವಷ್ಟರಲ್ಲಿ ಇವರು ಒದ್ದೆ ತಲೆಯಲ್ಲಿ ಉಸ್ಸೆನ್ನುತ್ತಾ ನಿಂತಿರುತ್ತಾರೆ. "ನಮಗಿಂತ ಮುಂಚೆ ಮುಟ್ಟಿ ಬಂದ್ಬಿಟ್ರಲ್ಲ" ಎಂದು ಮೊದಲ ದಿನವೇ ಬಳಗದವರು ಅಂದರು. ಇವರು ಅಲ್ಲ ಅನ್ನಲಿಲ್ಲ. ಅಲ್ಲ, ಇಲ್ಲ, ಆಗಲ್ಲ ಎಂಬ ಮಾತುಗಳನ್ನು ದೇವರು ನನ್ನ ಗಂಡನ ಬಾಯಿಗೆ ಕೊಟ್ಟೇ ಇಲ್ಲ. ಕೋಲೆಬಸವನ ಹಾಗೆ ತಲೆಯಾಡಿಸುವುದೊಂದೇ ಗೊತ್ತು.

ನಾನಂತೂ ಕಾಲುವೆಯ ಪಕ್ಕ ಬೆಳೆದವಳು, ಚೆನ್ನಾಗಿ ಈಜುತ್ತೇನೆ. ಆದರೆ ಚಳಿ ನನಗೆ ಆಗದು. ಆದರೂ ಪ್ರತಿ ಭಾನುವಾರ ದಡದಲ್ಲಿ ಅವರ ಬಟ್ಟೆ, ಟವೆಲ್ಲು, ಫ್ಲಾಸ್ಕು ಕಾಯುತ್ತಾ ಹಲ್ಲು ಕಟಕಟಿಸಿಕೊಂಡು ಕೂತಿರುತ್ತೇನೆ. ಮೆಟ್ಟಿಲ ಮೇಲೆ ಜಾರಿದರೆ ಎಳೆಯಲು ಒಬ್ಬರಾದರೂ ಬೇಕಲ್ಲ.

ಬೆನ್ನುನೋವಿಗೆ ಬಿಸಿನೀರು ಒಳ್ಳೆಯದು ಎಂಬುದು ಅವರ ನೆಪ. ನಿಜವಾದ ಕಾರಣ ಬೇರೆ. ಅವರು ಸಿಟಿ ಬಸ್ ಓಡಿಸುವವರು. ಅವರ ಸೀಟಿನ ಹಿಂದೆ 'ಚಾಲಕರೊಂದಿಗೆ ಮಾತನಾಡಬೇಡಿ' ಎಂಬ ಬೋರ್ಡಿದೆ. ದಿನವಿಡೀ ಬೆನ್ನ ಹಿಂದೆ ಜನವೋ ಜನ, ಮಾತಾಡಿಸುವವರು ಒಬ್ಬರಿಲ್ಲ. ಮನೆಯಲ್ಲಿ ಮಾತಾಡುವವಳು ನಾನು, ಅವರಿಗೆ ಸರದಿ ಸಿಗುವುದು ಅಪರೂಪ. ಆ ತೊಟ್ಟಿಯೊಳಗೆ ಮಾತ್ರ ಅವರ ಬಾಯಿ ಬಿಚ್ಚಿಕೊಳ್ಳುತ್ತದೆ. ಅವರು ಏನೋ ಹೇಳುತ್ತಾರೆ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನು ಕೂತಲ್ಲಿಗೆ ನಗು ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ. ಆ ತೊಟ್ಟಿ ಕೈತಪ್ಪಿದರೆ ಈ ಮನುಷ್ಯ ಬಾಡಿಹೋಗುತ್ತಾರೆ ಎಂದೇ ನಾನೂ ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಮೊನ್ನೆ ಶನಿವಾರ ಸಂಜೆ ಊಟಕ್ಕೆ ಕೂತಾಗ ಮೆಲ್ಲಗೆ ಬಾಯಿಬಿಟ್ಟರು.

"ನಾಳೆ ಹೊಸಬರು ನೀರಿಗೆ ಇಳೀತಾರಂತೆ ಕಣೇ. ನನ್ನನ್ನ ಕಾವಲಿಗೆ ನಿಲ್ಸಿದಾರೆ."

"ಕಾವಲು ಅಂದ್ರೆ?"

"ಯಾರಾದ್ರೂ ಮುಳುಗಿದ್ರೆ ಹಾರಿ ಎತ್ತಬೇಕು, ಅಷ್ಟೆ."

ಸೌಟು ನನ್ನ ಕೈಯಲ್ಲೇ ನಿಂತಿತು. "ಅಷ್ಟೇನಾ? ನಿಮ್ಮನ್ನ ಎತ್ತೋಕೆ ಯಾರನ್ನ ನಿಲ್ಸಿದಾರೆ?"

"ನೀನಿರ್ತೀಯಲ್ಲ."

"ನಿಮಗೆ ತಲೆ ನೆಟ್ಟಗಿದೆಯೇನ್ರೀ? ಒಂದು ಜೀವ ಹೋದ್ರೆ ಯಾರು ಹೊಣೆ? ನಾಳೆ ಹೋದ ತಕ್ಷಣ ನಿಜ ಹೇಳ್ಬಿಡಿ."

"ಹೇಳಿದ್ರೆ ತೊಟ್ಟಿಗೆ ಸೇರಿಸಲ್ಲ" ಎಂದು ತಟ್ಟೆ ನೋಡುತ್ತಾ ಕೂತರು. ಕೈ ತೊಳೆಯಲು ಏಳುವಾಗ, "ಆಯ್ತು, ಹೇಳ್ತೀನಿ" ಅಂದರು.

ಮರುದಿನ ಹೇಳಿದರು, ಸುಳ್ಳಲ್ಲ. ಬಳಗದ ಯಜಮಾನಿ ಔಷಧಿ ಅಂಗಡಿಯಾಕೆ. ಆಕೆ ಕಾವಲಿನವರು ಊದುವ ಸೀಟಿ ಕೊಡಲು ಬಂದಾಗ, "ಮೇಡಂ, ನನಗೆ ಅಷ್ಟು ಈಜು ಬರಲ್ಲ" ಅಂದರು.

"ನೋಡಿ, ತುಂಬಿದ ಕೊಡ ತುಳುಕಲ್ಲ ಅನ್ನೋದು ಇದಕ್ಕೇ" ಎಂದು ಆಕೆ ಸೀಟಿಯನ್ನು ಅವರ ಕೊರಳಿಗೇ ಹಾಕಿದಳು.

"ಇಲ್ಲ ಮೇಡಂ, ಏನೇನೂ ಬರಲ್ಲ" ಅಂದರೆ ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಹಣೆ ಚಚ್ಚಿಕೊಂಡು ಮುಂದೆ ಹೋದೆ. "ಇವರಿಗೆ ನಿಜವಾಗ್ಲೂ ಬರಲ್ಲ. ಮೂರು ವರ್ಷದಿಂದ ಮೆಟ್ಟಿಲ ಮೇಲೆ ಕೂತು ಮುಳುಗು ಹಾಕ್ತಿದಾರೆ" ಅಂದೆ. ಬಳಗದಲ್ಲಿ ಅಂಚೆ ಕಚೇರಿಯವರೊಬ್ಬರಿದ್ದಾರೆ, ಆ ಅಂಚೆಯವರು ನಕ್ಕು, "ಹೆಂಡತಿ ಕಣ್ಣಿಗೆ ಯಾವ ಗಂಡ ಜಾಣ ಬಿಡಿ" ಅಂದರು. ಇಂಥ ಜನಕ್ಕೆ ಏನು ಹೇಳುವುದು? ಅಷ್ಟರಲ್ಲಿ ಹೊಸಬರು ನೀರಿಗಿಳಿದೇಬಿಟ್ಟಿದ್ದರು.

ಅವರಲ್ಲೊಬ್ಬಳು ಶಾಲಾ ಟೀಚರ್. ನಾಲ್ಕು ಕೈ ಹಾಕುವಷ್ಟರಲ್ಲಿ ಚಳಿಗೆ ಉಸಿರು ಸಿಕ್ಕಿಕೊಂಡು ಒದ್ದಾಡತೊಡಗಿದಳು. ಔಷಧಿ ಅಂಗಡಿಯಾಕೆ ಎಸೆದ ಹಗ್ಗ ಹಿಡಿದು ದಡಕ್ಕೆ ಬಂದಳು, ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವಳು ಹಗ್ಗ ಹಿಡಿಯುವ ಮೊದಲೇ ಈ ಮಹಾನುಭಾವರು ಸೀಟಿ ಊದಿ ಹಾರಿಬಿಟ್ಟಿದ್ದರು. ಹಾರಿದವರು ರುಬ್ಬುಗುಂಡಿನ ಹಾಗೆ ನೇರ ತಳಕ್ಕೆ.

ನಾನು ಸ್ವೆಟರ್ ಸಮೇತ ಧುಮುಕಿದೆ. ಆ ನೀರೋ, ಮೈಗೆಲ್ಲ ಸೂಜಿ ಚುಚ್ಚಿದಂತಿತ್ತು. ಕೈಗೆ ಕೂದಲು ಸಿಕ್ಕಿತು. ಕೂದಲು ಹಿಡಿದೇ ಎಳೆದು ತಂದೆ, ದಾರಿಯುದ್ದಕ್ಕೂ ಬೈಯುತ್ತಲೇ ತಂದೆ. ಮೆಟ್ಟಿಲ ಮೇಲೆ ಕೂತು ಅವರು ನೀರು ಕಾರಿದರು. ಈಗ ಎಲ್ಲರಿಗೂ ಗೊತ್ತಾಗಿತ್ತು.

"ಬಟ್ಟೆ ಕೊಡೇ, ಮನೆಗೆ ಹೋಗೋಣ" ಅಂದರು, ಯಾರ ಮುಖವನ್ನೂ ನೋಡದೆ.

ಔಷಧಿ ಅಂಗಡಿಯಾಕೆ ಅಡ್ಡ ನಿಂತಳು. "ಇಬ್ಬರ ತಲೇನೂ ನೆಂದಿದೆ. ಮೊದಲು ತೊಟ್ಟಿಗೆ ಇಳೀರಿ, ಮಿಕ್ಕಿದ್ದು ಆಮೇಲೆ."

ಇಳಿದೆವು. ಉಳಿದವರೂ ಒಬ್ಬೊಬ್ಬರಾಗಿ ಬಂದು ಕೂತರು. ಮಾತಿಲ್ಲ, ಕತೆಯಿಲ್ಲ, ಎಲ್ಲರೂ ನೀರನ್ನೇ ನೋಡುತ್ತಿದ್ದರು. ನನ್ನ ಗಂಡ ಸ್ಟೀರಿಂಗ್ ಹಿಂದೆ ಕೂರುವ ಹಾಗೆ ನೆಟ್ಟಗೆ, ಎದುರಿಗೆ ನೋಡುತ್ತಾ ಕೂತಿದ್ದರು. ನನಗೆ ಅವರ ಮೇಲೆ ಸಿಟ್ಟು, ಆ ಮೌನದ ಮೇಲೆ ಇನ್ನೂ ಸಿಟ್ಟು.

ಕೊನೆಗೆ ಅಂಚೆಯವರು ನನ್ನ ಗಂಡನ ಕಡೆ ನೋಡಿ ಕೆಮ್ಮಿದರು. "ಅಲ್ಲಾ, ಹೋದ ವಾರ ಅರ್ಧಕ್ಕೆ ನಿಲ್ಸಿದ್ರಲ್ಲ, ನಿಮ್ಮನೆಯವರು ಫ್ರಿಜ್ ಅಂಗಡಿಯವನ ಮೇಲೆ ಜಗಳಕ್ಕೆ ಹೋಗಿದ್ದು. ಆಮೇಲೇನಾಯ್ತು?"

ನಾನು ಗಂಡನ ಕಡೆ ತಿರುಗಿದೆ. ಅಂದರೆ ಮೂರು ಚಳಿಗಾಲ ಇವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ನನ್ನ ಕತೆಗೆ. ಅವರು ಹೆದರಿದ ಮಗುವಿನ ಹಾಗೆ ನನ್ನನ್ನೇ ನೋಡುತ್ತಿದ್ದರು.

"ನನ್ನ ಮುಖ ಏನು ನೋಡ್ತೀರಾ, ಹೇಳಿ" ಅಂದೆ. "ಇದ್ದದ್ದು ಇದ್ದ ಹಾಗೆ ಹೇಳಿ ಮತ್ತೆ. ಮೊದಲು ದನಿ ಏರಿಸಿದವನು ಅವನು."

ಅವರು ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ನಾನು ಅವತ್ತು ಆಡಿದ ಮಾತುಗಳಲ್ಲಿ ಒಂದನ್ನೂ ಅವರು ಮರೆತಿರಲಿಲ್ಲ.