ಸ್ಟಾಂಪಿಂಗ್‌ಗೆ ಹೋಗಿ ಬ್ಯಾಂಕಾಕ್ ನೋಡಿದ್ದು

ಅಮೆರಿಕದ ನಮ್ಮ ಜರ್ಮನ್‌ಟೌನಿನಲ್ಲಿ ಯಾರ ಮನೆಗೆ ಊಟಕ್ಕೆ ಹೋದರೂ ಒಬ್ಬ ಆಂಟಿಯಾದರೂ ಕೇಳುತ್ತಾರೆ, "ಬ್ಯಾಂಕಾಕ್‌ನಲ್ಲಿ ಒಂದೂವರೆ ತಿಂಗಳು ಇದ್ದ್ಯಂತೆ, ಶಾಪಿಂಗ್ ಜೋರಾ?" ಮೈಯೆಲ್ಲ ಉರಿಯುತ್ತದೆ.

ದೇಶ ಬಿಟ್ಟು ಹೋಗಿ ಪಾಸ್‌ಪೋರ್ಟಿಗೆ ಹೊಸ ವೀಸಾ ಹಾಕಿಸಿಕೊಂಡು ಬರುವುದಕ್ಕೆ ನಾವೆಲ್ಲ ಸ್ಟಾಂಪಿಂಗ್ ಅನ್ನುತ್ತೇವೆ. ಇಂಡಿಯಾದಲ್ಲಿ ವೀಸಾ ಇಂಟರ್‌ವ್ಯೂಗೆ ಸ್ಲಾಟ್ ಸಿಗುತ್ತಿರಲಿಲ್ಲ. ಬ್ಯಾಂಕಾಕ್‌ನಲ್ಲಿ ಸಿಗುತ್ತದೆ ಎಂದು ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಹೇಳಿದ್ದೇ ತಡ, ನನ್ನ ಗಂಡ ಮೂವರಿಗೂ ಟಿಕೆಟ್ ಬುಕ್ ಮಾಡಿದರು. "ಸ್ಟಾಂಪಿಂಗೂ ಆಯ್ತು, ವೆಕೇಶನ್ನೂ ಆಯ್ತು." ಇಂಟರ್‌ವ್ಯೂ ಆದ ನಾಲ್ಕನೇ ದಿನ ಅಮೆರಿಕನ್ ಎಂಬೆಸಿಯಿಂದ ಅವರ ಪಾಸ್‌ಪೋರ್ಟ್ ವಾಪಸ್ ಬಂತು. ನನ್ನದು ಬರಲಿಲ್ಲ, ಇನ್ನಷ್ಟು ಪರಿಶೀಲಿಸಬೇಕಂತೆ. ಪಾಸ್‌ಪೋರ್ಟಿಲ್ಲದೆ ಮೈಸೂರಿಗೆ ಅಮ್ಮನ ಮನೆಗೂ ಹೋಗುವಂತಿಲ್ಲ. ಆರು ವರ್ಷದ ಮಗಳು ಅಮೆರಿಕದಲ್ಲೇ ಹುಟ್ಟಿದವಳು, ಅವಳಿಗೆ ವೀಸಾದ ಹಂಗಿಲ್ಲ. ರಜೆ ಮುಗಿಯಿತೆಂದು ಅವರು ಅವಳನ್ನು ಕರೆದುಕೊಂಡು ಹೊರಟೇಬಿಟ್ಟರು. ಏರ್‌ಪೋರ್ಟಿನಲ್ಲಿ ನನಗೆ ಹೇಳಿದ್ದಿಷ್ಟು: "ನೀನು ಆರಾಮಾಗಿ ಊರು ನೋಡು."

ನೋಡಿದೆ. ಸಿಟ್ಟಿನಲ್ಲೇ ನೋಡಿದೆ. ಹಿಂದಿನಿಂದ ಫುಟ್‌ಪಾತಿಗೇ ನುಗ್ಗುವ ಬೈಕುಗಳು, ತಲೆಯ ಮೇಲೆ ರೈಲು, ಅದರ ಕೆಳಗೆ ಬಿಸಿಲೇ ಬೀಳದ ರಸ್ತೆ, ಮೂಲೆಮೂಲೆಗೂ ಸುಡುವ ಹಂದಿ ಮಾಂಸದ ಹೊಗೆ. ಕಾಲುವೆಯ ದೋಣಿ ಹತ್ತಿದರೆ ಕೊಳಕು ನೀರು ಮುಖಕ್ಕೇ ಹಾರುತ್ತಿತ್ತು. ಪಕ್ಕದಲ್ಲಿದ್ದ ಹೆಂಗಸು ಹಗ್ಗ ಎಳೆದು ಟಾರ್ಪಾಲು ಮೇಲೆತ್ತಿ ನನಗೂ ಮರೆ ಮಾಡಿದಳು. ಆಕೆಯನ್ನು ನೋಡಿ ನಗುವಷ್ಟು ಸೌಜನ್ಯವೂ ನನ್ನಲ್ಲಿ ಉಳಿದಿರಲಿಲ್ಲ. ಸಂಜೆ ಆರಕ್ಕೆ ಪಾರ್ಕಿನಲ್ಲಿ ರಾಷ್ಟ್ರಗೀತೆ ಶುರುವಾದರೆ ಓಡುತ್ತಿದ್ದವರೂ ನಿಂತಲ್ಲೇ ನಿಲ್ಲುತ್ತಿದ್ದರು. ನಾನೂ ನಿಲ್ಲುತ್ತಿದ್ದೆ. ಮುಗಿದ ಮೇಲೆ ಅವರೆಲ್ಲ ಮನೆಗೆ ಹೋಗುತ್ತಿದ್ದರು, ಅದಕ್ಕೂ ನನಗೆ ಹೊಟ್ಟೆಯುರಿ. ಆ ಊರು ನನಗೇನೂ ಕೆಟ್ಟದ್ದು ಮಾಡಿರಲಿಲ್ಲ, ಪಾಪ. ಆದರೂ ದಿನಾ ಬೈಸಿಕೊಂಡಿತು.

ಐದನೇ ವಾರ ಒಂದು ಬೆಳಿಗ್ಗೆ ಮನೆಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಜನವರಿಯ ಸಂಜೆ. ಮಗಳು ಮುಖ ತಿರುಗಿಸಿಕೊಂಡೇ ಕೇಳಿದಳು, "ಅಮ್ಮಾ, ನಿನ್ ವೆಕೇಶನ್ ಯಾವಾಗ ಓವರ್ ಆಗತ್ತೆ?"

"ವೆಕೇಶನ್ ಅಂತ ಯಾರು ಹೇಳಿದ್ದು?"

"ಅಪ್ಪ."

ಅವರು ಪಕ್ಕದಿಂದಲೇ, "ಚಿಕ್ಕ ಮಗು, ಟೆನ್ಷನ್ ಯಾಕೆ ಅಂತ ಹಾಗೆ ಹೇಳ್ದೆ" ಎಂದರು. ಮಗುವಿಗೆ ಟೆನ್ಷನ್ ಬೇಡವಂತೆ. ಅಮ್ಮ ತನ್ನನ್ನು ಬಿಟ್ಟು ಮಜಾ ಮಾಡುತ್ತಿದ್ದಾಳೆ ಎಂದು ಐದು ವಾರ ಅಂದುಕೊಂಡಿದ್ದರೆ ಪರವಾಗಿಲ್ಲವಂತೆ! ನಾನೇ ಹೇಳಿಬಿಟ್ಟೆ, "ಇಲ್ಲ ಪುಟ್ಟಿ. ನಂಗೆ ಮನೆಗೆ ಬರ್ಬೇಕು. ಆದ್ರೆ ಒಳಗೆ ಬಿಡ್ತಾ ಇಲ್ಲ."

ಅವಳು ನನ್ನತ್ತ ತಿರುಗಿದಳು. ಆಮೇಲೆ ಫೋನ್ ಹಿಡಿದುಕೊಂಡೇ ಓಡಿದಳು. ಸೀಲಿಂಗ್ ಕಂಡಿತು, ಚಪ್ಪಲಿಗಳು ಕಂಡವು, ಕೊನೆಗೆ ನಮ್ಮ ಅಪಾರ್ಟ್‌ಮೆಂಟಿನ ಮುಂಬಾಗಿಲು. ಅದನ್ನು ಎಳೆದು ಪೂರ್ತಿ ತೆರೆದಳು.

"ಸೀ, ಓಪನ್ ಮಾಡ್ದೆ. ಬಾ ಅಮ್ಮಾ."

ಅವಳ ಹಿಂದಿನಿಂದ ಅವರ ದನಿ ಕೇಳಿಸಿತು: "ಬಾಗಿಲು ಹಾಕು ಪುಟ್ಟಿ, ಹೀಟರ್ ಆನ್ ಇದೆ."